ಹಗೇವಿನ ಮೇಲೆ ನಿಂತು ಕೇಳಿದ ಪ್ರಶ್ನೆ

ಕಳೆದ ತಿಂಗಳು ಸಂತೆಬಾಚಹಳ್ಳಿಯ ಸಂತೆಯಲ್ಲಿ ತರಕಾರಿ ಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಮುದುಕನೊಬ್ಬ ಗೋಣಿಚೀಲದ ಬಾಯಿ ಬಿಚ್ಚಿ, "ಅಗೇವು ರಾಗಿ ಕಣವ್ವ. ಈಗೆಲ್ಲಿ ಸಿಕ್ತದೆ? ಮುದ್ದೆ ತೊಳಸುದ್ರೆ ಬೀದಿಗೆಲ್ಲ ಗಮ್ ಅಂತದೆ" ಎನ್ನುತ್ತ ಒಂದು ಹಿಡಿ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದ. ಹಸಿಮಣ್ಣು, ಹಳೆಯ ಹುಲ್ಲು, ಹುಳಿ ಬಂದ ಹಿಟ್ಟು ಎಲ್ಲ ಕಲೆತಂಥ ವಾಸನೆ. ತಿಂದು ಬೆಳೆದವರಿಗೆ ಬಾಯಲ್ಲಿ ನೀರೂರುತ್ತದೆ. ನಾನು ಮುಖ ತಿರುಗಿಸಿದೆ. ತರಕಾರಿ ಅಲ್ಲೇ ಬಿಟ್ಟು ಬಸ್‌ಸ್ಟಾಂಡಿನ ಕಲ್ಲುಬೆಂಚಿನ ಮೇಲೆ ಹೋಗಿ ಕೂತೆ. ಎಷ್ಟೋ ಹೊತ್ತು ಮೂಗಿನಲ್ಲಿ ಗಾಳಿ ಸರಿಯಾಗಿ ಓಡಾಡುತ್ತಿದೆಯೇ ಎಂದು ನೋಡಿಕೊಳ್ಳುತ್ತಲೇ ಇದ್ದೆ.

ಹಗೇವು ಎಂದರೆ ರಾಗಿ ತುಂಬಿಡಲು ಹಿತ್ತಲಿನಲ್ಲೋ ಕಣದಲ್ಲೋ ನೆಲದೊಳಗೆ ತೋಡಿದ ಗುಳಿ. ಮೇಲೆ ಒಬ್ಬ ಆಳು ಇಳಿಯುವಷ್ಟೇ ಬಾಯಿ, ಒಳಗೆ ಗುಡಾಣದ ಹಾಗೆ ಅಗಲ. ರಾಗಿ ತುಂಬಿ, ಹುಲ್ಲು ಹಾಸಿ, ಚಪ್ಪಡಿ ಕಲ್ಲು ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ನಾನು ಶ್ರೀರಂಗಪಟ್ಟಣದ ಪೇಟೆಯಲ್ಲಿ ಬೆಳೆದವಳು. ಅಪ್ಪನದು ದೇವಸ್ಥಾನದಲ್ಲಿ ಪರಿಚಾರಕ ಕೆಲಸ. ಹಗೇವನ್ನು ನಾನು ಮೊದಲ ಸಲ ನೋಡಿದ್ದು, ಅದರ ಮೇಲೆ ನಿಂತು ಮುಗಿಸಿದ ಮೇಲೆ.

ಅದು ನಡೆದ ವರ್ಷ ನನಗೆ ಕೆಲಸವಿರಲಿಲ್ಲ. ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಒಂದು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದೆ. ಎರಡನೇ ವರ್ಷ ಕಾಲೇಜಿನವರು ಕರೆಯಲಿಲ್ಲ. ಬಡತನ ಎಷ್ಟು ಕಡಿಮೆಯಾಗಿದೆ ಎಂದು ಅಳೆಯುವ ಒಂದು ಅಧ್ಯಯನಕ್ಕೆ ಮನೆ ಮನೆ ಸುತ್ತಲು ಜನ ಬೇಕೆಂದು ಗೊತ್ತಾಗಿ ಸೇರಿಕೊಂಡೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ನಾಲ್ಕು ತಾಲ್ಲೂಕು. ಸ್ಕೂಟರ್ ನನ್ನದೇ, ಟ್ಯಾಬ್ ಅವರದು. ಅಪ್ಪ ಮೊದಲ ದಿನ ಬಾಗಿಲಲ್ಲಿ ನಿಂತು, "ನಿಮ್ಮ ಮನೇಲಿ ಏನೇನಿದೆ ಅಂತ ಕೇಳ್ಕೊಂಡು ಹೋಗೋದೂ ಒಂದು ಕೆಲಸವೇನಮ್ಮಾ? ಏನಿಲ್ಲ ಅಂತ ಕೇಳಿದರೆ ಬಾಯಿಬಿಟ್ಟಾದರೂ ಹೇಳ್ತಾರೆ" ಎಂದರು. ನಾನು ನಕ್ಕುಬಿಟ್ಟೆ.

ಹಸ್ತೆ ಮಳೆಯಲ್ಲಿ ಕರಿಘಟ್ಟದ ಕೆಳಗಿನ ಊರುಗಳಿಂದ ಶುರು ಮಾಡಿದೆ. ಅಲ್ಲಿ ನಾಲೆಯ ನೀರು, ಹಸಿರು ಗದ್ದೆ, ಹೋದ ಕಡೆಯೆಲ್ಲ ಕಾಫಿ. ಫ್ರಿಜ್ಜಿದೆಯೇ ಎಂದರೆ ಬಾಗಿಲು ತೆಗೆದೇ ತೋರಿಸಿದರು. ಪಾಂಡವಪುರಕ್ಕೆ ಬರುವಷ್ಟರಲ್ಲಿ ಚಿತ್ತೆ ಮಳೆ ಹಿಡಿದಿತ್ತು, ಅದರ ಜೊತೆಗೆ ಒಂದು ಸುದ್ದಿಯೂ ಹಿಡಿದಿತ್ತು: ಟ್ಯಾಬ್ ಹಿಡಿದು ಬರುವವಳು ರೇಷನ್ ಕಾರ್ಡು ಕಿತ್ತುಕೊಳ್ಳಲು ಬರುತ್ತಾಳೆ. ಆ ಸುದ್ದಿ ನನ್ನ ಸ್ಕೂಟರಿಗಿಂತ ಒಂದು ಊರು ಮುಂದೆಯೇ ಓಡುತ್ತಿತ್ತು. "ಇದಕ್ಕೂ ಕಾರ್ಡಿಗೂ ಸಂಬಂಧ ಇಲ್ಲ" ಎಂದು ನಾನು ಹೇಳಿದಷ್ಟೂ ಜನ, "ಇಲ್ಲ ಕಣವ್ವ, ನಮಗ್ಗೊತ್ತಿಲ್ವಾ" ಎಂದು ಒಳಗೆ ಹೋಗಿ ಏನನ್ನೋ ಮುಚ್ಚಿಟ್ಟು ಬರುತ್ತಿದ್ದರು. ಬೈಕುಗಳು ಪಕ್ಕದೂರಿಗೆ ಹೋದವು. ಮಿಕ್ಸಿಗಳು ಹುಲ್ಲಿನ ಮೆದೆ ಸೇರಿದವು. ಕೆ.ಆರ್. ಪೇಟೆಯ ಕಡೆ ಒಂದು ಮನೆಯಲ್ಲಿ ನಡುಮನೆಯ ಮೂಲೆಗೆ ಕೆಂಪು ಸೀರೆ ಹೊದಿಸಿ, ಕುಂಕುಮ ಇಟ್ಟು, ಮೇಲೆ ಹೂವು ಹಾಕಿದ್ದರು. "ದೇವರ ಪೆಟ್ಟಿಗೆ ಮೇಡಂ, ಮುಟ್ಟಂಗಿಲ್ಲ" ಎಂದಳು ಮನೆಯಾಕೆ. ಅಷ್ಟರಲ್ಲಿ ದೇವರ ಪೆಟ್ಟಿಗೆ ಗುರ್ ಎಂದು ಸದ್ದು ಮಾಡಿ ಒಮ್ಮೆ ನಡುಗಿ ಸುಮ್ಮನಾಯಿತು. ನಾನು ಆಕೆಯ ಮುಖ ನೋಡಲಿಲ್ಲ. ಆಕೆ ನನ್ನ ಮುಖ ನೋಡಲಿಲ್ಲ. ಅದನ್ನು ಊರೂರಿನಲ್ಲಿ ಹೇಳಿಕೊಂಡು ನಗುತ್ತಿದ್ದೆ. ಈಗ ಆ ನಗು ನೆನಪಾದರೆ ನಾಚಿಕೆಯಾಗುತ್ತದೆ.

ಸ್ವಾತಿ ಮಳೆ ಮುಗಿಯುವ ಹೊತ್ತಿಗೆ ನಾಗಮಂಗಲ ತಾಲ್ಲೂಕಿನ ಹೊಣಕೆರೆ ಹೋಬಳಿಯ ಒಳಗಿನ ಒಂದು ಹಳ್ಳಿಗೆ ಹೋದೆ. ಊರಿನ ಹೆಸರು ಬೇಡ. ಅಲ್ಲಿ ನಾಲೆಯಿಲ್ಲ, ಬರೀ ರಾಗಿ, ಹುರುಳಿ, ತೆಂಗು. ಆದರೂ ಹೊಸ ಮೋಲ್ಡಿನ ಮನೆಗಳು ಎದ್ದಿದ್ದವು. ಬೆಳಿಗ್ಗೆ ವ್ಯಾನು ಬಂದು ಹೆಂಗಸರನ್ನು ಗಾರ್ಮೆಂಟ್ಸಿಗೆ ಕರೆದೊಯ್ಯುತ್ತಿತ್ತು. ಜೊತೆಗೆ ದಾರಿ ತೋರಿಸಲು ಅಂಗನವಾಡಿ ಟೀಚರ್ ರತ್ನಮ್ಮ ಬಂದಿದ್ದರು. ಐವತ್ತರ ಹತ್ತಿರದ ಹೆಂಗಸು, ಜೋರು ಬಾಯಿ, ಊರಿನ ಪ್ರತಿ ಬಸುರಿ ಬಾಣಂತಿಯ ಹೆಸರು ಬಾಯಿಪಾಠ.

ಅದು ಭಾನುವಾರ. ಹನ್ನೊಂದು ಗಂಟೆಯಿರಬೇಕು. ಮಳೆ ಹೊಳವಾಗಿತ್ತು, ನೆಲ ಮಾತ್ರ ಇನ್ನೂ ಕುಸಿಯುತ್ತಿತ್ತು. ಪುಟ್ಟತಾಯಮ್ಮ ಎನ್ನುವವರ ಮನೆಯ ಜಗುಲಿಯ ಮೇಲೆ ಕೂತೆವು. ಒಳಗೆ ಮಂಚದ ಮೇಲೆ ಅವರ ಗಂಡ ಬೋರೇಗೌಡರು ಮಲಗಿದ್ದರು. ಮೂತ್ರಪಿಂಡ ಹೋಗಿತ್ತು. ವಾರಕ್ಕೆ ಎರಡು ಸಲ ನಾಗಮಂಗಲಕ್ಕೆ ಹೋಗಿ ರಕ್ತ ತೊಳೆಸಿಕೊಂಡು ಬರಬೇಕು. ಕಾರ್ಡಿದ್ದರಿಂದ ದುಡ್ಡಿಲ್ಲದೆ ನಡೆಯುತ್ತಿತ್ತು. ಅದನ್ನು ಪುಟ್ಟತಾಯಮ್ಮನೇ ಹೇಳಿದರು, ಕೇಳದೆಯೇ, ಎರಡು ಸಲ. "ಆ ಕಾರ್ಡು ಓದ ದಿನ ಇವ್ರೂ ಓದ್ರು ಅಂತ್ಲೇ ಲೆಕ್ಕ ಕಣವ್ವ."

"ನಾವು ಕಾರ್ಡು ಕೇಳಕ್ಕೆ ಬಂದಿಲ್ಲ ಅಮ್ಮ."

"ಸರಿ ಬುಡವ್ವ. ಏನ್ ಕೇಳೀಯೋ ಕೇಳು."

ಕೇಳಿದೆ. ಆಕೆ ಉತ್ತರ ಹೇಳುತ್ತ ಹೇಳುತ್ತ ಹಿಂದಿನ ಬಾಗಿಲ ಕಡೆ ತಿರುಗಿ ನೋಡುತ್ತಿದ್ದರು. ಶೌಚಾಲಯ ಇದೆಯೇ ಎಂದು ಕೇಳಿದಾಗ ಹೌದು ಎಂದರು. ಹೌದು ಎಂದರೆ ಅದರ ಫೋಟೋ ಬೇಕು. ಫೋಟೋ ಇಲ್ಲದೆ ಟ್ಯಾಬ್ ಮುಂದಿನ ಪ್ರಶ್ನೆಗೆ ಹೋಗುತ್ತಿರಲಿಲ್ಲ. ನಾನು ಎದ್ದೆ.

ಪುಟ್ಟತಾಯಮ್ಮ ನನಗಿಂತ ಮುಂಚೆ ಎದ್ದು ಗಂಟಲು ಹರಿಯುವ ಹಾಗೆ ಕೂಗಿದರು: "ಮಂಜಾ! ಮೇಡಮ್ಮಾರು ಇತ್ಲಿಗೆ ಬತ್ತಾವ್ರೆ ಕಣ್ಲಾ!"

ನಾವು ಹಿತ್ತಲಿಗೆ ಹೋದಾಗ ಮಗ ಮಂಜ ಒಂದು ಚಪ್ಪಡಿ ಕಲ್ಲಿನ ಮೇಲೆ ಗೋಣಿತಾಟು ಹಾಸಿಕೊಂಡು ಕುಡುಗೋಲು ಮಸೆಯುತ್ತ ಕೂತಿದ್ದ. ಮೂವತ್ತರ ಆಸುಪಾಸಿನ ಗಟ್ಟಿಮುಟ್ಟು ಆಳು. ಹಣೆಯ ಮೇಲೆ ಬೆವರು. ನಾನು ಶೌಚಾಲಯದ ಫೋಟೋ ತೆಗೆದೆ. ಫೋಟೋದ ಜೊತೆ ಬರಬೇಕಾದ ಜಾಗದ ಗುರುತು, ಜಿಪಿಎಸ್, ಹತ್ತಲಿಲ್ಲ. ಪರದೆಯ ಮೇಲೆ ಒಂದು ಸಣ್ಣ ಚಕ್ರ ತಿರುಗುತ್ತಲೇ ಇತ್ತು. ಸಿಗ್ನಲ್ ಹುಡುಕುತ್ತ ಹುಡುಕುತ್ತ ಮಂಜನ ಪಕ್ಕಕ್ಕೆ ಬಂದೆ. ಅಲ್ಲಿ ಎರಡು ಗೆರೆ ಬಂತು. ಚಪ್ಪಡಿಯ ತುದಿಯ ಮೇಲೆ ಒಂದು ಕಾಲಿಟ್ಟು ನಿಂತೆ.

ಹೊತ್ತು ಹಾಳಾಗಬಾರದೆಂದು ಕೇಳಿದೆ: "ಮನೇಲಿ ಎಷ್ಟು ಜನ ಇದ್ದೀರಾ?"

"ಮೂರು."

"ಯಾರ್ಯಾರು?"

"ಅಪ್ಪ, ಅವ್ವ, ನಾನು."

ರತ್ನಮ್ಮ ಹುಬ್ಬು ಹಾರಿಸಿದರು. "ಅಲ್ಲ ಕಣ್ಲಾ, ಸವಿತಾ ಎಲ್ಲೋದ್ಲು?"

"ತವರ್ಗೆ ಓಗವ್ಳೆ. ಅಲ್ಲೇ ಅವ್ಳೆ, ಈಗ ಆರ್ ತಿಂಗ್ಳಾಯ್ತು."

"ಆರ್ ತಿಂಗ್ಳಾ!" ಎಂದು ರತ್ನಮ್ಮ ನನ್ನ ಕಡೆ ನೋಡಿ ಸುಮ್ಮನಾದರು. ಸವಿತಾ ಎಂದರೆ ಮಂಜನ ಹೆಂಡತಿ ಎಂದೂ, ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುವವಳೆಂದೂ, ಹಿಂದಿನ ದಿನವಷ್ಟೇ ತಾವು ಅವಳನ್ನು ಮಾತಾಡಿಸಿದ್ದಾಗಿಯೂ ರತ್ನಮ್ಮ ನನಗೆ ಹೇಳಿದ್ದು ಆಮೇಲೆ. ಸಂಬಳದವಳು ಮನೆಯಲ್ಲಿದ್ದಾಳೆ ಎಂದರೆ ಕಾರ್ಡು ಉಳಿಯುವುದಿಲ್ಲ ಎಂಬುದು ಊರಿನವರ ಲೆಕ್ಕ. ರತ್ನಮ್ಮನಿಗೆ ಅದು ಗೊತ್ತಿತ್ತು. ಬೋರೇಗೌಡರ ರಕ್ತದ ವಿಷಯವೂ ಗೊತ್ತಿತ್ತು.

ಆಗ ಕಾಲಿನ ಕೆಳಗೆ ಏನೋ ಗುದ್ದಿದ ಹಾಗಾಯಿತು. ಧಪ್. ಸ್ವಲ್ಪ ಬಿಟ್ಟು ಮತ್ತೊಂದು, ಮೆಲ್ಲಗೆ.

"ಏನದು?"

"ಎಗ್ಗಣ ಮೇಡಂ. ದರಿದ್ರವು, ಬಿಲ ತೋಡ್ತವೆ" ಎಂದು ಮಂಜ ನಕ್ಕ. ನಾನೂ ನಕ್ಕೆ. ಚಕ್ರ ಇನ್ನೂ ತಿರುಗುತ್ತಿತ್ತು. ಅದು ನಿಲ್ಲುವವರೆಗೆ ಅಲ್ಲೇ ನಿಂತಿದ್ದೆ. ಜಮೀನೆಷ್ಟು, ನೀರೆಲ್ಲಿಂದ, ಅಡಿಗೆ ಯಾವುದರಲ್ಲಿ ಎಂದು ಇನ್ನೂ ನಾಲ್ಕು ಪ್ರಶ್ನೆ ಕೇಳಿದೆ. ಎಷ್ಟು ಹೊತ್ತು? ಎರಡು ನಿಮಿಷವೋ, ಮೂರೋ. ಆ ಹೊತ್ತನ್ನು ನಾನು ಅದೆಷ್ಟು ಸಲ ಮತ್ತೆ ಅಳೆದಿದ್ದೇನೋ.

ನಾವು ಜಗುಲಿಗೆ ವಾಪಸು ಬಂದು ಚಪ್ಪಲಿಗೆ ಕಾಲು ಹಾಕುವಾಗ ಹಿತ್ತಲಿನಿಂದ ಕಲ್ಲು ಎಳೆದ ಸದ್ದು ಕೇಳಿತು. ಹಿಂದೆಯೇ ಮಂಜನ ದನಿ: "ಸವಿತಾ... ಏ ಸವಿತಾ, ಓದ್ರು ಕಣೆ, ಮೇಲಕ್ ಬಾ... ಸವಿತಾ!" ಆಮೇಲೆ ಮಾತಿಲ್ಲದ ಒಂದು ಕೂಗು.

ಓಡಿದೆವು. ಚಪ್ಪಡಿ ಪಕ್ಕಕ್ಕೆ ಬಿದ್ದಿತ್ತು. ಅದರಡಿ ಕಪ್ಪು ಬಾಯಿ. ಆ ಬಾಯಿಯಿಂದಲೇ ಆ ವಾಸನೆ ಬರುತ್ತಿತ್ತು. ನಡೆದಿದ್ದು ಇಷ್ಟು: ನಾವು ಪಕ್ಕದ ಬೀದಿಗೆ ಬಂದೆವೆಂದು ಗೊತ್ತಾದೊಡನೆ ಗಂಡ ಹೆಂಡತಿ ವರ್ಷಗಳಿಂದ ತೆರೆಯದ ಹಗೇವನ್ನು ತೆರೆದು ಟಿವಿ, ಮಿಕ್ಸಿ, ಸವಿತಾ ತನ್ನ ಸಂಬಳದಲ್ಲಿ ಕೊಂಡ ಮೋಟಾರಿನ ಹೊಲಿಗೆ ಮಿಷಿನ್ನು ಇಳಿಬಿಟ್ಟಿದ್ದರು. ತಳ ತೇವ. ಮಿಷಿನ್ನು ನೀರು ಕುಡಿಯಬಾರದೆಂದು ಅದನ್ನು ಟಿವಿಯ ಮೇಲೆ ಎತ್ತಿಡಲು ಅವಳೇ ಹಗ್ಗ ಹಿಡಿದು ಇಳಿದಳು. ಅಷ್ಟರಲ್ಲಿ ಅತ್ತೆಯ ಕೂಗು. ಮಂಜ ಹಗ್ಗವನ್ನು ಒಳಗೆ ತಳ್ಳಿ, "ಅಲ್ಲೇ ಕೂತ್ಕ, ಒಂದ್ ಗಳ್ಗೆ" ಎಂದು ಕಲ್ಲು ಎಳೆದಿದ್ದ. ಚಿಕ್ಕಂದಿನಲ್ಲಿ ಕಣ್ಣಾಮುಚ್ಚಾಲೆಯಾಡುವಾಗ ಅದೇ ಹಗೇವಿನಲ್ಲಿ ಅವನೆಷ್ಟೋ ಸಲ ಅಡಗಿದ್ದನಂತೆ. ಆಗ ಅದು ವರ್ಷ ವರ್ಷ ಖಾಲಿಯಾಗಿ ಗಾಳಿಯಾಡುತ್ತಿದ್ದ ಹಗೇವು. ರೇಷನ್ ಅಕ್ಕಿ ಬಂದ ಮೇಲೆ, ಬೆಳೆದ ರಾಗಿ ಕಣದಿಂದಲೇ ಮಾರಾಟವಾಗತೊಡಗಿದ ಮೇಲೆ, ಅದನ್ನು ಯಾರೂ ತೆರೆದಿರಲಿಲ್ಲ. ತಳದಲ್ಲಿ ಉಳಿದಿದ್ದ ರಾಗಿ ಕೊಳೆತು ಗಾಳಿಯನ್ನೆಲ್ಲ ತಿಂದುಹಾಕಿತ್ತು.

ಮಂಜ ಅಂಗಿ ಕಿತ್ತೆಸೆದು ಕಾಲು ಇಳಿಬಿಟ್ಟ.

"ಇಳೀಬ್ಯಾಡ್ಲಾ!"

ಬೋರೇಗೌಡರು ಗೋಡೆ ಹಿಡಿದುಕೊಂಡು ಹಿಂದಿನ ಬಾಗಿಲಿಗೆ ಬಂದಿದ್ದರು. ಬಂದವರೇ ನೆಲಕ್ಕೆ ಕುಸಿದು ಮಗನ ಸೊಂಟದ ಲುಂಗಿಯನ್ನು ಎರಡೂ ಕೈಯಲ್ಲಿ ಹಿಡಿದರು. "ದೀಪ ಬುಡ್ರುಲಾ ಮೊದ್ಲು! ದೀಪ!"

"ಬುಡಪ್ಪೋ, ಸತ್ತೋಯ್ತಾಳೆ!"

"ನೀನೂ ಸತ್ತೋಯ್ತೀಯ! ನಿನ್ನ ತೆಗಿಯಕ್ ಓದೋನೂ ಸಾಯ್ತಾನೆ! ನಾ ಕಂಡಿವ್ನಿ ಕಣ್ಲಾ, ನಾ ಕಂಡಿವ್ನಿ!"

ಪುಟ್ಟತಾಯಮ್ಮ ಡಬ್ಬಿಯೊಳಗೆ ದೀಪ ಹಚ್ಚಿಟ್ಟು ದಾರ ಕಟ್ಟಿ ಕೊಟ್ಟರು. ರತ್ನಮ್ಮ ಇಳಿಬಿಟ್ಟರು. ಒಂದು ಮೊಳ ಇಳಿಯಿತು. ಎರಡನೇ ಮೊಳಕ್ಕೆ ಯಾರೋ ಊದಿದ ಹಾಗೆ ಆರಿಹೋಯಿತು. ಆರುವ ಮುಂಚೆ ಆ ಬೆಳಕಿನಲ್ಲಿ ನಾನು ಸವಿತಾಳನ್ನು ನೋಡಿದೆ. ಟಿವಿಗೆ ಒರಗಿ ಕೂತಿದ್ದಳು. ತಲೆ ಹೆಗಲ ಮೇಲೆ ವಾಲಿತ್ತು, ನಿದ್ದೆ ಹೋದವಳ ಹಾಗೆ.

"ಸೊಪ್ಪು ತನ್ನಿ, ಸೊಪ್ಪಿನ ಕಂತೆ! ಗಾಳಿ ಕಲುಕ್ಬೇಕು" ಎಂದರು ಬೋರೇಗೌಡರು. ಕೂಗಿಗೆ ಊರೇ ಸೇರಿತ್ತು. ಯಾರೋ ಹೊಂಗೆ ರೆಂಬೆ ಕಡಿದು ತಂದರು. ಕಂತೆ ಕಟ್ಟಿ ಹಗ್ಗದಲ್ಲಿ ಮೇಲೆ ಕೆಳಗೆ ಆಡಿಸಿದರು. ದೀಪ ಮತ್ತೆ ಬಿಟ್ಟರು. ಮತ್ತೆ ಆರಿತು. "ಸಾಲ್ದು, ದೊಡ್ ಗಾಳಿ ಬೇಕು. ತೂರೋ ಫ್ಯಾನ್ ಯಾರ್ತಾವ್ ಅದೆ?"

ಅವರು ಕೇಳಿದ್ದು ರಾಗಿ ತೂರುವ ದೊಡ್ಡ ಮೋಟಾರ್ ಫ್ಯಾನು. ಮೇಲಿನ ಬೀದಿಯ ಶಿವಣ್ಣ ಬೋರೇಗೌಡರನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ, ಆಮೇಲೆ ನನ್ನ ಕೈಯಲ್ಲಿದ್ದ ಟ್ಯಾಬನ್ನು. ಹಿಂದಿನ ಮಧ್ಯಾಹ್ನವಷ್ಟೇ ಅವನ ಮನೆಯಲ್ಲಿ ನಾನು ಬರೆದುಕೊಂಡಿದ್ದೆ: ಯಂತ್ರೋಪಕರಣ, ಯಾವುದೂ ಇಲ್ಲ. ಅಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಒಬ್ಬ ಹೆಣ್ಣುಮಗಳು ಆರಡಿ ಕೆಳಗೆ ಸಾಯುತ್ತಿದ್ದಳು, ಆ ಊರು ನನಗೆ ಹೆದರಿ ನಿಂತಿತ್ತು. ನನ್ನನ್ನು ನೋಡಿ ಯಾರಾದರೂ ಹಾಗೆ ಹೆದರಬಹುದೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

ಟ್ಯಾಬನ್ನು ಮಣ್ಣಿನ ಮೇಲೆ ಬಿಸಾಡಿದೆ. "ತನ್ನಿ! ನಾನೇನೂ ಬರ್ಕೊಳ್ಳಲ್ಲ. ದೇವರಾಣೆಗೂ ಬರ್ಕೊಳ್ಳಲ್ಲ, ತನ್ನಿ!"

ಆಗಲೂ ಶಿವಣ್ಣ ಒಂದು ಕ್ಷಣ ತಡೆದ. ರತ್ನಮ್ಮ ಅವನ ಬೆನ್ನಿಗೆ ಗುದ್ದಿದರು. "ನಿನ್ ಫ್ಯಾನಿಗೆ ಬೆಂಕಿ ಬೀಳ! ತತ್ತಾರ್ಲಾ ಬಡ್ಡೆತ್ತದ್ದೇ!"

ಆಮೇಲೆ ಎಲ್ಲವೂ ಹೊರಗೆ ಬಂತು. ಮೆದೆಯೊಳಗಿಂದ ಫ್ಯಾನು. ಅಟ್ಟದಿಂದ ವೈರು. ಯಾರ ಮನೆಯದೋ ಹೊಸ ಟಾರ್ಪಾಲು, ಇನ್ನೂ ಮಡಿಕೆ ಬಿಚ್ಚಿರಲಿಲ್ಲ. ಎಲ್ಲೋ ಮುಚ್ಚಿಟ್ಟಿದ್ದ ಕಾರನ್ನು ಒಬ್ಬ ಬೀದಿಯ ತುದಿಗೆ ತಂದು ನಿಲ್ಲಿಸಿದ. ಪುಣ್ಯಕ್ಕೆ ಕರೆಂಟಿತ್ತು. ಬೋರೇಗೌಡರು ನೆಲದ ಮೇಲೆ ಕೂತೇ ಹೇಳುತ್ತಿದ್ದರು: ಟಾರ್ಪಾಲನ್ನು ಸುರುಳಿ ಮಾಡಿ, ಒಂದು ಬಾಯಿ ಫ್ಯಾನಿಗೆ, ಇನ್ನೊಂದು ಹಗೇವಿಗೆ. ನಾನೊಂದು ಅಂಚು ಹಿಡಿದಿದ್ದೆ. ಗಾಳಿ ತುಂಬಿ ಟಾರ್ಪಾಲು ಕೈಯಿಂದ ಕಿತ್ತುಕೊಳ್ಳುತ್ತಿತ್ತು. ಕೆಳಗಿನಿಂದ ಆ ವಾಸನೆ ಮುಖಕ್ಕೆ ರಾಚುತ್ತಿತ್ತು.

ದೀಪ ಮೂರನೇ ಸಲ ಇಳಿಯಿತು. ಒಂದು ಮೊಳ. ಎರಡು. ಅಡ್ಡಾದಿಡ್ಡಿ ಕುಣಿಯಿತು. ಆರಲಿಲ್ಲ.

ಬೋರೇಗೌಡರು ಹಿಡಿದಿದ್ದ ಮಗನ ಲುಂಗಿಯನ್ನು ಬಿಟ್ಟರು. ಮಂಜ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಅವಳ ತೋಳಿನಡಿ ಇನ್ನೊಂದು ಹಗ್ಗ ಬಿಗಿದ. ಎಳೆದೆವು. ಮೊದಲು ಕೂದಲು ಕಂಡಿತು, ಆಮೇಲೆ ನೀಲಿಗಟ್ಟಿದ ತುಟಿ. ನೆಲದ ಮೇಲೆ ಮಲಗಿಸಿ ರತ್ನಮ್ಮ ಬಾಯಿಗೆ ಬಾಯಿಟ್ಟು ಊದಿದರು. ಯಾವುದೋ ತರಬೇತಿಯಲ್ಲಿ ಕಲಿತಿದ್ದರಂತೆ. ಊದಿದರು, ನಿಲ್ಲಿಸಿದರು, ಊದಿದರು. ಅವಳು ಒಮ್ಮೆ ಕೆಮ್ಮಿದಾಗ ಪುಟ್ಟತಾಯಮ್ಮ ತಮ್ಮ ಕೆನ್ನೆಗೆ ತಾವೇ ಹೊಡೆದುಕೊಂಡು ಅಳತೊಡಗಿದರು.

ಆ ಕಾರಿನಲ್ಲೇ ನಾಗಮಂಗಲಕ್ಕೆ ಕರೆದೊಯ್ದೆವು. ಸ್ವಲ್ಪ ಮೊದಲೇ ತೆರೆದಿಟ್ಟಿದ್ದರಿಂದ, ಕೂತಿದ್ದರಿಂದ, ಕಲ್ಲು ಪೂರ್ತಿ ಮುಚ್ಚಿರದಿದ್ದರಿಂದ ಉಳಿದಳು ಎಂದರು ಡಾಕ್ಟರು. ತಳದಲ್ಲಿ ಮಲಗಿಬಿಟ್ಟಿದ್ದರೆ ಇಲ್ಲ.

ಹನ್ನೆರಡು ದಿನದ ಮೇಲೆ ಮೇಲಿನವರ ಫೋನು ಬಂತು. ಆ ಒಂದು ಮನೆ ಅರ್ಧಕ್ಕೆ ನಿಂತಿದೆ, ಅದು ಮುಗಿಯದಿದ್ದರೆ ಇಡೀ ಹಳ್ಳಿಯ ಮಾಹಿತಿ ಬಿದ್ದುಹೋಗುತ್ತದೆ ಎಂದರು. ಪರದೆಗೆ ಬಿರುಕು ಬಿಟ್ಟಿದ್ದ ಅದೇ ಟ್ಯಾಬ್ ಹಿಡಿದು ಹೋದೆ. ಸವಿತಾ ಜಗುಲಿಯ ಮೇಲೆ ಕೂತಿದ್ದಳು. ದನಿ ಒಡೆದಿತ್ತು. ಬೆರಳ ತುದಿ ಇನ್ನೂ ಜೋಮು ಹಿಡಿಯುತ್ತದೆ, ಕೆಲಸಕ್ಕೆ ಹೋಗಿಲ್ಲ ಎಂದಳು. ಮಂಜ ಕಂಬಕ್ಕೆ ಒರಗಿ ನಿಂತ. ಬೋರೇಗೌಡರು ಬಾಗಿಲ ಹತ್ತಿರ ಕುರ್ಚಿಯಲ್ಲಿದ್ದರು.

"ಮೇಡಂ, ಅವತ್ತು ನಿಮ್ ಮಾತು ನಂಗೆ ಕೇಳುಸ್ತಿತ್ತು" ಎಂದಳು.

ನಾನು ಟ್ಯಾಬನ್ನು ಮಡಿಲಲ್ಲಿ ಮಗುಚಿಟ್ಟೆ.

"ಎಷ್ಟು ಜನ ಅಂದ್ರಿ. ಇವ್ರು ಮೂರು ಅಂದ್ರು. ಅಂಗೇ ಏಳ್ಬೇಕು ಅಂತ ಮಾತಾಡ್ಕಂಡಿದ್ವಿ, ನಾನೇ ಏಳಿದ್ದೆ. ಆದ್ರೂ ಕೆಳ್ಗಡೆ ಕೂತು ಕೇಳುಸ್ಕಂಡಾಗ... ಎರಡ್ ಸಲ ಗುದ್ದಿದೆ. ಆಮೇಲೆ ಕೈ ಎತ್ತಕಾಗ್ಲಿಲ್ಲ."

ಮಂಜ ಕಂಬದಿಂದ ಸರಿದು ಅಂಗಳಕ್ಕೆ ಇಳಿದು, ನಮಗೆ ಬೆನ್ನು ಮಾಡಿ ನಿಂತ.

"ಈಗ ಇನ್ನೊಂದ್ ಸಲ ಕೇಳಿ" ಎಂದಳು ಸವಿತಾ.

ಪುಟ್ಟತಾಯಮ್ಮ ಮೆಲ್ಲಗೆ, "ಬ್ಯಾಡ ಕಣವ್ವ. ಕಾರ್ಡು ಓಯ್ತದೆ. ನಿಮ್ ಮಾವನ್ನ ಎಲ್ಲಿಗ್ ಕರ್ಕಂಡೋಗನ?" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಸವಿತಾ ಮಾವನ ಕಡೆ ನೋಡಿದಳು. ಹೇಳಿದರೆ ಹೋಗುವುದು ಅವಳ ಜೀವವಲ್ಲ, ಮಾವನದು.

ನಾನು ಕೇಳಿದೆ: "ಮನೇಲಿ ಎಷ್ಟು ಜನ ಇದ್ದೀರಾ?"

"ನಾಕು ಬರ್ಕ ಕೂಸೆ" ಎಂದರು ಬೋರೇಗೌಡರು. "ಸೊಸೆ ಕೆಲ್ಸಕ್ಕೋಯ್ತಾಳೆ ಅಂತ್ಲೂ ಬರ್ಕ. ಅವ್ಳ ಕೈಲಿ ಯಾಕ್ ಏಳುಸ್ತೀರಾ."

"ಇದರಿಂದ ಕಾರ್ಡಿಗೆ ಏನೂ ಆಗಲ್ಲ ಗೌಡ್ರೆ. ನಿಜವಾಗಿ."

"ನೀನು ಅಂಗಂತೀಯ ಸರಿ. ನಿನ್ ಮೇಲಿನೋರು?"

ಬಿರುಕಿನ ಪಕ್ಕದಲ್ಲಿ ನಾಲ್ಕು ಎಂದು ಒತ್ತಿದೆ. ಹೆಸರು ಕೇಳಿತು. ಸವಿತಾ ಹತ್ತಿರ ಬಂದು ಕೂತು ತನ್ನ ಹೆಸರು, ತನ್ನ ಕೆಲಸ, ತಾನೇ ಹೇಳಿ ಬರೆಸಿದಳು.

ಆ ಮಾಹಿತಿ ಈಗ ಯಾರ ಕೈಯಲ್ಲಿದೆಯೋ ನನಗೆ ಗೊತ್ತಿಲ್ಲ. ವಿಚಾರಿಸಿದರೆ ಯಾರೂ ಸರಿಯಾಗಿ ಹೇಳುವುದಿಲ್ಲ. ವಾರಕ್ಕೊಮ್ಮೆ ರತ್ನಮ್ಮನಿಗೆ ಫೋನು ಮಾಡುತ್ತೇನೆ. ಆ ಕಡೆಯ ಮಳೆ, ಬೆಳೆ ಎಲ್ಲ ಕೇಳಿ, ಕೊನೆಗೆ ಬೋರೇಗೌಡರು ಈ ವಾರ ನಾಗಮಂಗಲಕ್ಕೆ ಹೋಗಿ ಬಂದರೇ ಎಂದು ಕೇಳುತ್ತೇನೆ. ಹೋಗಿ ಬಂದರೆಂದರೆ ಕಾರ್ಡು ಇನ್ನೂ ಉಳಿದಿದೆ ಎಂದರ್ಥ. ಕೇಳಿದ ಮೇಲೆ ರತ್ನಮ್ಮ ಉತ್ತರ ಹೇಳುವವರೆಗೆ ಮೂಗಿನಲ್ಲಿ ಗಾಳಿ ನಿಲ್ಲುತ್ತದೆ.

ನಿನ್ನೆಯೂ ಕೇಳಿದೆ. "ಓಗ್ ಬಂದ್ರು ಕಣವ್ವ" ಎಂದರು.